ಎರಡನೇ ಭಾಗದ ಹುಡುಗಿ

ಕಮರಿಪೇಟೆ, ಹುಬ್ಬಳ್ಳಿ
೧೪ ನವೆಂಬರ್ ೨೦೨೪

ಚಿ. ಸುಕನ್ಯಾಗೆ ನಿನ್ನ ಜಯಾ ಕಾಕು ಮಾಡುವ ಮನಸಾರೆ ಆಶೀರ್ವಾದ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಸೊಸೆ ಸೌಮ್ಯಾಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ನನ್ನ ಪಾಲಿಗೇ ಬಂದಿದೆ. ಎಣ್ಣೆ, ನೀರು, ಹೊಗೆ ಅನ್ನುವುದರಲ್ಲೇ ಮಧ್ಯಾಹ್ನವಾಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಫೋನು ಹಿಡಿದರೆ ನಾನು ಎಲ್ಲಾ ಆರಾಮ ಅಂದು ಇಟ್ಟುಬಿಡುವವಳು, ನಿನಗೆ ಗೊತ್ತೇ ಇದೆ. ದಾಂಡೇಲಿಯ ದವಾಖಾನೆಯಲ್ಲಿ ಕೆಲಸ ಹೇಗಿದೆ? ರೋಗಿಗಳ ಹೊಟ್ಟೆ ನೋಡುತ್ತ ನಿನ್ನ ಹೊಟ್ಟೆ ಮರೆಯಬೇಡ.

ಹೋದ ವಾರ ದ್ರಾಕ್ಷಾಯಿಣಿಯ ಫೋನು ಸದ್ದು ಮಾಡಿತು. ಮಗಳು ಹೋಗಿ ಎರಡು ವರ್ಷವಾದರೂ ಅದನ್ನು ಚಾರ್ಜಿಗೆ ಹಾಕುವುದನ್ನು ನಾನು ಬಿಟ್ಟಿಲ್ಲ. ನೀವಿಬ್ಬರೂ ಹುಚ್ಚು ಹಿಡಿದವರ ಹಾಗೆ ಮತ್ತೆ ಮತ್ತೆ ನೋಡುತ್ತಿದ್ದಿರಲ್ಲ, ಆ ಗೋಡೆಯೊಳಗಿನ ಊರಿನ ಸಿನೆಮಾ, ಹದಿನೇಳು ತುಂಬಿದ ಮಕ್ಕಳ ಹೆಸರು ಕಿತ್ತುಕೊಂಡು ನಂಬರು ಕೊಡುತ್ತಾರಲ್ಲ, ಅದರ ಎರಡನೇ ಭಾಗ ಹುಬ್ಬಳ್ಳಿಗೆ ಬಂದಿದೆ ಎಂದು ಅದರಲ್ಲಿತ್ತು. ಬಂದಾಗ ತಿಳಿಸು ಎಂದು ಟಿಕೆಟ್ಟಿನ ಆಪಿನಲ್ಲಿ ಅವಳೇ ಒತ್ತಿಟ್ಟಿದ್ದಳಂತೆ, ಡೆಂಗಿ ಜ್ವರ ಬರುವ ಮೊದಲು. ನನಗೆ ಅವಳೇ ಕರೆದಂತಾಯಿತು. ಮಗ ಶಿವಯೋಗೀಶ ಆ ಫೋನನ್ನು ಬಂದ್ ಮಾಡು ಎಂದು ಬೇಡಿಕೊಂಡ. ನಾನು ಕೇಳದೆ ಸಿನೆಮಾಕ್ಕೆ ಹೋದೆ.

ಜೊತೆಗೆ ಪಕ್ಕದ ಮನೆಯ ಶರೀಫಾಬಿಯನ್ನು ಕರೆದುಕೊಂಡಿದ್ದೆ. ಸೀರೆಗೆ ಫಾಲ್ ಹಚ್ಚುತ್ತ ಮೊದಲನೇ ಭಾಗವನ್ನು ಅವಳೂ ನಿಮ್ಮ ಜೊತೆ ನೋಡಿದ್ದಳಲ್ಲ. ಸಿನೆಮಾ ಏನು ಹೇಳಲಿ, ಬರೀ ನೀರು ಬೆರೆಸಿದ ಸಾರು. ಅರ್ಧ ಹೊತ್ತು ಓಡುತ್ತಾರೆ, ಇನ್ನರ್ಧ ಹೊತ್ತು ನಿಂತು ದಮ್ಮು ತೆಗೆದುಕೊಳ್ಳುತ್ತಾರೆ. ಗೋಡೆಯಾಚೆ ಏನಿರಬಹುದು ಎಂದು ನೀವಿಬ್ಬರೂ ಊಟ ಬಿಟ್ಟು ವಾದ ಮಾಡಿದ್ದಿರಿ. ಗೋಡೆಯಾಚೆ ಮರಳಿದೆ, ಬಂದೂಕಿದೆ, ಒಬ್ಬ ಚೆಂದದ ಹುಡುಗ ಇದ್ದಾನೆ. ಅಷ್ಟೇ. ಕೊನೆಗೆ ಮೂರನೇ ಭಾಗ ಬರುತ್ತದೆ ಎಂದು ಹೆದರಿಸಿ ಕಳಿಸಿದರು.

ಅದನ್ನೂ ಸಹಿಸುತ್ತಿದ್ದೆ. ಆದರೆ ಮೊದಲನೇ ಭಾಗದ ಕೊನೆಯಲ್ಲಿ ಗೋಡೆ ಹಾರಿ ಹೋಗಿದ್ದ ಆ ಹುಡುಗಿ ಈ ಕಡೆ ತಿರುಗಿದಾಗ ಮುಖವೇ ಬೇರೆ. ಹಳೆಯ ಹುಡುಗಿಯನ್ನು ತೆಗೆದು ಇನ್ನೊಬ್ಬಳನ್ನು ಹಾಕಿದ್ದಾರೆ. ಅದೇ ಹೆಸರು, ಅದೇ ಅಂಗಿ. ತಾಯಿ ತಬ್ಬಿಕೊಳ್ಳುತ್ತಾಳೆ, ತಮ್ಮ ತಬ್ಬಿಕೊಳ್ಳುತ್ತಾನೆ, ಮೊದಲಿನವಳು ಎಲ್ಲಿ ಎಂದು ಒಬ್ಬರೂ ಕೇಳುವುದಿಲ್ಲ. ಶರೀಫಾಬಿ ನನ್ನ ಕಿವಿಯ ಹತ್ತಿರ ಬಂದು, "ಈಕಿ ಆಕಿ ಅಲ್ಲಬಿಡ್ರಿ, ಜಯಕ್ಕಾ" ಎಂದಳು. ಆಗಲೇ ಇನ್ನೊಂದು ಬದಿಯ ಖಾಲಿ ಕುರ್ಚಿಯಿಂದ ದ್ರಾಕ್ಷಾಯಿಣಿ ನಾಲಿಗೆ ಲೊಚಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಿನೆಮಾ ಸೇರದಿದ್ದರೆ ಅವಳು ಹಾಗೇ ಮಾಡುತ್ತಿದ್ದಳು. ಸುಮ್ಮನಿರು, ನೋಡೋಣ ಎಂದು ನಾನು ಆ ಕಡೆ ತಿರುಗಿ ಹೇಳಿಬಿಟ್ಟೆನಂತೆ. ಶರೀಫಾಬಿ ನನ್ನ ಕೈ ಹಿಡಿದು ಕೂತಳು.

ಒಂದು ತಾಸು ಹೋಗುವಷ್ಟರಲ್ಲಿ ಜನ ಹೊಸ ಹುಡುಗಿಗೇ ಸೀಟಿ ಹೊಡೆಯುತ್ತಿದ್ದರು. ನಾನೂ ಅವಳಿಗೆ ಒಗ್ಗಿಕೊಂಡಿದ್ದೆ. ಹಳೆಯವಳ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲೇ ಇಲ್ಲ. ಆಗ ನನಗೆ ಹುಟ್ಟಿದ ಭಯ ಸಿನೆಮಾದ್ದಲ್ಲ, ಸುಕನ್ಯಾ.

ಬರುವ ವಾರ ನಮ್ಮ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಸೋದರತ್ತೆ ಅದರ ಕಿವಿಯಲ್ಲಿ ಕುರ್ ಅಂದು ಹೆಸರು ಕರೆಯಬೇಕು, ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ನನ್ನ ಮಗಳು ಕೂರಬೇಕಾದ ಜಾಗ ಅದು. ಅಲ್ಲಿ ನಿನ್ನನ್ನು ಕೂರಿಸುವುದೆಂದು ನಿಮ್ಮ ಕಾಕಾ ನಿನಗೆ ಫೋನು ಮಾಡಿದ್ದಾರೆ, ದ್ರಾಕ್ಷಾಯಿಣಿ ಎಂದೇ ಕರೆಯಬೇಕು ಎಂದೂ ಹೇಳಿದ್ದಾರೆ. "ಹೋದಾಕಿನ ತಿರುಗಿ ಬಂದಾಳ, ಮತ್ತ ಬ್ಯಾರೆ ಹೆಸರ ಯಾಕ?" ಎಂದು ತಮ್ಮ ಅಮರಗೋಳದ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದ್ದಾರೆ. ಎರಡು ವರ್ಷದ ನಂತರ ಅವರು ನಕ್ಕಿದ್ದನ್ನು ಕಂಡು ನಾನೂ ಹೂಂ ಅಂದಿದ್ದೆ.

ಸಿನೆಮಾದಿಂದ ಬಂದ ಮರುದಿನ ಕೂಸಿಗೆ ಎಣ್ಣೆ ಹಚ್ಚುವಾಗ ಸೌಮ್ಯಾ ಬಾಯಿ ಬಿಟ್ಟಳು. ಈ ಮನೆಗೆ ಬಂದಮೇಲೆ ಎದುರು ಮಾತಾಡಿದವಳಲ್ಲ.

"ಅತ್ತೀ, ಹುಟ್ಟಿದಾಗಿನಿಂದ ಎಲ್ಲಾರೂ ಇದರ ಮುಖದಾಗ ಆಕಿನ್ನ ಹುಡುಕಾಕತ್ತಾರ. ನನ್ನ ಕೂಸಿನ್ನ ಯಾರರ ನೋಡ್ಯಾರೇನ್ರಿ?"

ನಾನು ಕೂಸಿನ ಮುಖವನ್ನು ಬೆಳಕಿಗೆ ತಿರುಗಿಸಿದೆ. ಮೂಗು ಸೌಮ್ಯಾಳದು, ಗಲ್ಲ ಸೌಮ್ಯಾಳ ಅಪ್ಪನದು. ಅಷ್ಟು ದಿನ ನೀರು ಎರೆದವಳು ಅದನ್ನು ಅವತ್ತೇ ನೋಡಿದೆ.

ಅದಕ್ಕೇ ಬೇಡಿಕೊಳ್ಳುತ್ತೇನೆ, ಆ ಹೆಸರು ಕರೆಯಬೇಡ. ಸೌಮ್ಯಾ ಒಂದು ಹೆಸರು ಆರಿಸಿದ್ದಾಳೆ, ನನಗೂ ಹೇಳಿಲ್ಲ. ನಿನಗೆ ಹೇಳುತ್ತಾಳೆ, ನೀನು ಕೂಸಿಗೆ ಹೇಳು. ಕಿವಿಯಲ್ಲಿ ಒಮ್ಮೆ ಬಿದ್ದ ಹೆಸರನ್ನು ವಾಪಸು ತೆಗೆಯುವ ಶಾಸ್ತ್ರ ನಮ್ಮಲ್ಲಿಲ್ಲ. ನಿಮ್ಮ ಕಾಕಾ ಕೂಗಾಡುತ್ತಾರೆ, ಊಟ ಬಿಡುತ್ತಾರೆ. ಆ ಬೈಗುಳಕ್ಕೆ ನಾನಿದ್ದೇನೆ. ನಿನಗೆ ಬೆನ್ನಿನ ಗುದ್ದು ಮಾತ್ರ, ಅದೂ ಶರೀಫಾಬಿಯ ಕೈಯಿಂದ. ಅದಕ್ಕೇ ಹೊಟ್ಟೆ ತುಂಬ ಉಂಡು ಬಾ.

ಹಿಂದಿನ ದಿನವೇ ಬಂದುಬಿಡು. ದೇವರು ನಿನಗೆ ನೂರು ವರ್ಷ ಆಯುಷ್ಯ ಕೊಡಲಿ, ಇದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ.

ನಿನ್ನ
ಜಯಾ ಕಾಕು

ತಾ.ಕ.: ಸೌಮ್ಯಾಳಿಗಾಗಿ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನೆ ಸೌಮ್ಯಾ ಮಲಗಿದ್ದಾಗ ಕೂಸು ಒಂದೇ ಸಮನೆ ಅತ್ತಿತು. ಎತ್ತಿಕೊಂಡು ಓಡಾಡುತ್ತ ಅರಿವಿಲ್ಲದೆ ದ್ರಾಕ್ಷಾಯಿಣೀ ಎಂದು ಕರೆದೆ. ಅದು ಅಳು ನಿಲ್ಲಿಸಿ ನನ್ನನ್ನೇ ನೋಡಿತು. ನನಗೆ ಸಂತೋಷವಾಯಿತು, ಸುಕನ್ಯಾ. ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಕರೆದೆ. ಅಷ್ಟು ಹೊತ್ತು ನನ್ನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹೀಗೇ ಕರೆಯುತ್ತ ಹೋದರೆ ನಾನು ಅವಳಿಗಾಗಿ ಅಳುವುದನ್ನೇ ಬಿಟ್ಟುಬಿಡುತ್ತೇನೆ. ಆಮೇಲೆ ಅವಳಿಗೆ ಯಾರಿದ್ದಾರೆ?