ಕೋಟೆ ಬಾಗಿಲಲ್ಲಿ ಕಳಚಿಟ್ಟ ಜೋಡು

ಚನ್ನಗಿರಿ, ೧೮ ಅಕ್ಟೋಬರ್ ೧೯೮೧, ಭಾನುವಾರ

ರಾಜ್ಯೋತ್ಸವದ ಕೋಟೆ ಕಾಳಗದ ರೂಪಕದಲ್ಲಿ ಸೈನಿಕರಿಗೆ ಬೂಟು ಸಲ್ಲದು, ಆ ಕಾಲದ ತೊಗಲಿನ ಜೋಡೇ ಬೇಕೆಂದು ವಾದಿಸಿ ಗೆದ್ದವಳು ನಾನು. ವಾರವಿಡೀ ಹರಳೆಣ್ಣೆ ಹಚ್ಚಿ ಅವನ್ನು ಮೆತ್ತಗಾಗಿಸಿದೆವು. ಇಂದಿನ ತಾಲೀಮಿನಲ್ಲಿ ಕತ್ತಿ ಹಿರಿದು ಬೆಟ್ಟದ ಕೋಟೆಯತ್ತ ನುಗ್ಗಿದೆವು. ಒಳಗೆ ರಂಗನಾಥನ ಗುಡಿಯಿದೆ. ಕೋಟೆ ಬಾಗಿಲು ಬರುತ್ತಲೇ ಇಡೀ ದಂಡು ನಿಂತು, ಜೋಡು ಕಳಚಿ ಬದಿಗಿಟ್ಟಿತು.

"ಏನವ್ವಾ ಫಸ್ಟ್ ರ‍್ಯಾಂಕು, ನಿನ್ನ ದಂಡು ಯುದ್ಧ ಮಾಡಾಕೆ ಬಂದೈತೋ, ಹಣ್ಣುಕಾಯಿ ಮಾಡ್ಸಾಕೆ ಬಂದೈತೋ?" ಎಂದರು ರೂಪಕ ಆಡಿಸುವ ಷಣ್ಮುಖಪ್ಪ ಮೇಷ್ಟ್ರು. "ಬೂಟಾಗಿದ್ರೆ ಲೇಸು ಬಿಚ್ಚೋ ಬೇಜಾರಿಗಾದ್ರೂ ಒಳಗೆ ನುಗ್ತಿದ್ರು. ನಾಳೆ ಬೂಟೇ ತರಿಸ್ತೀನಿ."

ತಲೆ ತಗ್ಗಿಸಿದಾಗ ಕಂಡದ್ದು ನನ್ನದೇ ಬರಿಗಾಲು.

ಹಾಸುಗಲ್ಲಿನ ಬಿಸಿ ಇನ್ನೂ ಅಂಗಾಲಿನಲ್ಲಿದೆ. ಅಂದಿನ ಸೈನಿಕರೂ ಇದೇ ಬಾಗಿಲಲ್ಲಿ ಜೋಡು ಬಿಟ್ಟು, ಬರಿಗಾಲಲ್ಲೇ ಕಾದಾಡಿರಬಹುದೆ? ಹಾಗಿದ್ದರೆ ನಮ್ಮದು ತಪ್ಪಲ್ಲ. ನಾಳೆ ಮೇಷ್ಟ್ರಿಗೆ ಇದನ್ನೇ ಹೇಳುವೆ: ಜೋಡೇ ಇರಲಿ, ಬಾಗಿಲಿನವರೆಗೆ. ಅಲ್ಲಿಂದ ಮುಂದೆ ಬರಿಗಾಲಲ್ಲೇ ಯುದ್ಧ.