ಬೆನ್ನಿಗೆ ಸಿಕ್ಕಿಸಿದ ಚೀಟಿ

ಅಕ್ಟೋಬರ್ ೧೪, ಮಂಗಳವಾರ

ಆ ಪಿನ್ನು ತಲೆಯಿಂದ ಹೋಗುತ್ತಿಲ್ಲ.

ಪರದೇಶದಲ್ಲಿ ಮಗು ಕೈತಪ್ಪಿದರೆ ಏನು ಗತಿ ಎಂದು ಬೆಳಿಗ್ಗೆ ಇಂಗ್ಲಿಷಿನಲ್ಲಿ ಚೀಟಿ ಬರೆದವಳು ನಾನೇ. ಹೆಸರು ಗುಬ್ಬಿ, ಹೋಟೆಲಿನ ವಿಳಾಸ, ರೂಮ್ ನಂಬರ್ ೩೧೨. ಎದೆಗೆ ಸಿಕ್ಕಿಸಿದರೆ ಎರಡೂವರೆ ವರ್ಷದವಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆಂದು ಕೋಟಿನ ಬೆನ್ನಿಗೆ ಸೇಫ್ಟಿ ಪಿನ್ ಹಾಕಿದೆ. "ಏನಿದು, ಕೊರಿಯರ್ ಪಾರ್ಸಲ್ಲಾ ಇವಳು?" ಎಂದು ನಮ್ಮವರು ನಕ್ಕರು.

ಗಡಿಯಾರದ ಗೋಪುರ ಹತ್ತಿ ಇಳಿದು ದೋಣಿಗೆ ಹೋದೆವು. ಹಿಂದಿನ ಸೀಟಿನಲ್ಲಿದ್ದ ಬೂದು ಟೋಪಿಯ ಹೆಂಗಸು "ಗುಬ್ಬಿ, ಗುಬ್ಬಿ" ಎಂದು ಕರೆದಳು. ನಮ್ಮ ಭಾಷೆಯ ಗಂಧಗಾಳಿ ಇಲ್ಲದವಳ ಬಾಯಲ್ಲಿ ಆ ಹೆಸರು ಕೇಳಿ ಹಿಗ್ಗಿಹೋದೆ. ಅದನ್ನು ಎಲ್ಲಿ ಓದಿಕೊಂಡಳೆಂದು ಆಗ ಹೊಳೆಯಲೇ ಇಲ್ಲ. ಫೋಟೋ ತೆಗೆಯುವಷ್ಟು ಹೊತ್ತು ಮಗುವನ್ನು ಅವಳ ತೊಡೆಯ ಮೇಲೆಯೇ ಕೂರಿಸಿದೆ. "ಎಷ್ಟು ಬೇಗ ಹೊಂದ್ಕೊಂಡ್ಳು ನೋಡಿ" ಎಂದೂ ಅಂದೆ.

ಗುಬ್ಬಿ ಮಲಗಿದ ಮೇಲೆ ಕೋಟು ಮಡಚಲು ಹೋದರೆ ಬೆನ್ನಿಗೆ ಬರೀ ಪಿನ್ನು, ಚೀಟಿ ಇಲ್ಲ.

"ಎಲ್ಲೋ ಹರಿದು ಬಿದ್ದಿರತ್ತೆ, ಮಲ್ಕೋ" ಎಂದರು.

ಹರಿದಿದ್ದರೆ ಪಿನ್ನಿನಲ್ಲಿ ಒಂದು ಚೂರಾದರೂ ಉಳಿಯಬೇಕಿತ್ತು. ತಾನಾಗಿ ಕಳಚಿದ್ದರೆ ಪಿನ್ನು ಬಾಯಿ ತೆರೆದಿರಬೇಕಿತ್ತು. ಅದು ಮುಚ್ಚಿಕೊಂಡಿದೆ. ಮಗುವಿಗೆ ಚುಚ್ಚಬಾರದೆಂದು ಯಾರೋ ಜೋಪಾನವಾಗಿ ಮತ್ತೆ ಹಾಕಿದ್ದಾರೆ.

"ರೂಮ್ ಬದಲಾಯಿಸೋಣ್ವಾ?" ಎಂದು ಕೇಳಿದೆ.

"ಇಷ್ಟ್ ಹೊತ್ತಲ್ಲಾ? ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡ."

ಹಾಗೆಂದವರೇ ಎದ್ದುಹೋಗಿ ದೊಡ್ಡ ಸೂಟ್‌ಕೇಸನ್ನು ಸದ್ದಾಗದಂತೆ ಎಳೆದು ತಂದು ಬಾಗಿಲಿಗೆ ಒತ್ತಿಟ್ಟರು.