ಅಡವಿ ಅಂಗಡಿಯ ಲೈಸೆನ್ಸು

ಚಾಮರಾಜಪೇಟೆ, ಬೆಂಗಳೂರು
೧೨-೬-೧೯೫೧

ನನ್ನ ಶೈಲೂಗೆ ಅವ್ವ ಮಾಡುವ ಆಶೀರ್ವಾದಗಳು.

ಸೀಮೆಸುಣ್ಣದ ಪುಡಿಗೆ ಗಂಟಲು ಕಟ್ಟುತ್ತಿದೆ ಎಂದು ಬರೆದಿದ್ದೆ, ಈಗ ಹೇಗಿದೆ? ಹಾಸನದ ಗಾಳಿ ನಿನಗೆ ಆಗುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡು ಸ್ಕೂಲಿಗೆ ಹೋಗು. ಟೀಚರಮ್ಮನ ಕಿವಿಯಲ್ಲಿ ಹತ್ತಿ ಕಂಡರೆ ಮಕ್ಕಳು ನಗುತ್ತವೆ ಅನ್ನಬೇಡ, ನಕ್ಕರೆ ನಗಲಿ. ಮೆಣಸಿನ ಕಷಾಯ ಮಾಡಿಕೊಳ್ಳಲು ನಿನಗೆ ಸೋಮಾರಿತನ, ಅದೂ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ, ಮಂಡಿಯೊಂದು ಹೇಳಿದ ಮಾತು ಕೇಳುವುದಿಲ್ಲ. ಆದರೆ ಹದಿನೈದು ದಿನದಿಂದ ತಲೆ ಕಲಸಿದ ಹಿಟ್ಟಿನಂತಾಗಿದೆ. ಯಾಕೆಂದು ಬರೆಯುತ್ತೇನೆ, ಪೂರ್ತಿ ಓದು.

ನಿಮ್ಮಪ್ಪನವರು ಹೋಗಿ ವರ್ಷ ತುಂಬಿತು. ಅವರು ಹೋದ ದಿನ ಬಂದಾಗಲೂ ನೀನು ಈ ಮನೆಯಲ್ಲಿ ಒಂದು ಲೋಟ ನೀರು ಕುಡಿಯದೆ ಸಾಯಂಕಾಲದ ರೈಲಿಗೆ ಹೊರಟುಹೋದೆ. ಹೊಲಿಗೆ ಮಿಷನ್ನಿನ ಸಿಟ್ಟು ಆರಿರಲಿಲ್ಲ. ನಿನ್ನದು ತಪ್ಪು ಅನ್ನುವುದಿಲ್ಲಮ್ಮ. ಪಾಠ ಹೇಳಿ ಗಳಿಸಿದ್ದರಲ್ಲಿ ನೀನು ಕೊಂಡುಕೊಂಡಿದ್ದ ಮಿಷನ್ನು. ಮಗಳು ದೂರದೂರಿಗೆ ಕೆಲಸಕ್ಕೆ ಹೋಗಬಾರದು ಎಂಬ ಹಟಕ್ಕೆ ಬಿದ್ದು ಅದನ್ನು ಅವರು ಮಾರಿದರು. ಇರಲಿ. ಅಂಗಡಿಯ ಲೈಸೆನ್ಸು ಅವರ ಹೆಸರಿನಲ್ಲೇ ಉಳಿದಿತ್ತು. ಪಾತ್ರೆ ಅಡವಿಟ್ಟುಕೊಂಡು ಸಾಲ ಕೊಡುವವರು ಬದುಕಿರುವವರ ಹೆಸರಿನಲ್ಲಿ ಲೈಸೆನ್ಸು ಮಾಡಿಸಿಕೊಳ್ಳಬೇಕು ಎಂದು ಮುನಿಸಿಪಾಲ್ಟಿಯಿಂದ ಕಾಗದ ಬಂತು. ಈಗ ಆ ಮುನಿಸಿಪಾಲ್ಟಿಗೇನೋ ಬೇರೆ ಹೆಸರಂತೆ, ನನ್ನ ಬಾಯಿಗೆ ಹತ್ತುವುದಿಲ್ಲ. ಇನ್ನೊಬ್ಬರ ಕೈಯಲ್ಲಿ ಯಾಕೆ ಬರೆಸಲಿ, ನೀನು ಕೈ ಹಿಡಿದು ತಿದ್ದಿಸಿದ ಅಕ್ಷರವಿದೆಯಲ್ಲ ಎಂದು ಅರ್ಜಿ ಬರೆಯಲು ನಾನೇ ಕೂತೆ. ಪಾತ್ರೆಗೆ ಕಟ್ಟುವ ಚೀಟಿಗಳನ್ನು ಓದಿ ಓದಿ ತಾನೇ ನಾನು ಓದು ಕಲಿತದ್ದು? ಅವುಗಳಲ್ಲಿ ಅಡವಿಟ್ಟವರು, ಅಡವಿಗೆ ಬಂದ ದಿನ, ಅಡವಿನ ಅವಧಿ, ಹೀಗೆ ಎಲ್ಲಾ ಕಡೆಯೂ ‘ವಿ’ಯೇ ಇರುತ್ತದೆ. ಅದನ್ನೇ ನಂಬಿಕೊಂಡು ‘ಅಡವಿ ಅಂಗಡಿ’ ಎಂದು ದಪ್ಪಗೆ ಬರೆದು ರುಜು ಹಾಕಿದೆ. ಗುಮಾಸ್ತರು ಬರೆದದ್ದನ್ನು ಬರೆದ ಹಾಗೇ ಓದಿದರು, ಅವರದೇನು ತಪ್ಪು? ಲೈಸೆನ್ಸು ಬಂತು. ಗಿರಿಜಾಂಬಾ ಎಂಬುವರು ಅಡವಿಯ ಪದಾರ್ಥಗಳನ್ನು, ಎಂದರೆ ಜೇನು, ಸೀಗೆಕಾಯಿ, ಅಂಟುವಾಳ, ಸೌದೆ ಇಂಥವನ್ನು ಮಾರಬಹುದು!

ಸೌದೆ ಡಿಪೋ ದೊಡ್ಡಬೈರಪ್ಪನವರಿಗೆ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಅಮ್ಮಾರೆ, ಬಂದಿದ್ನ ಯಾಕೆ ಬಿಡ್ತೀರಿ? ಒಂದು ಮೂಟೆ ಸೀಗೆಕಾಯಿ ಕಳಿಸ್ತೀನಿ, ಬಾಗಿಲಲ್ಲಿ ಇಕ್ಕೊಳ್ಳಿ. ಯಾರು ಕೇಳ್ತಾರೆ?” ಅಂದರು. ಕಳಿಸಿಯೂ ಬಿಟ್ಟರು. ಮೂರೇ ದಿನದಲ್ಲಿ ಮೂಟೆ ಖಾಲಿಯಾಯಿತು. ಸಂತೋಷಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ನಾಲ್ಕನೆಯ ದಿನ ಇನ್ಸ್‌ಪೆಕ್ಟರು ಬಂದರು, ವೆಂಕಟಾಚಲ ಅಂತ, ನಿನ್ನ ವಯಸ್ಸಿನವರು. ಲೈಸೆನ್ಸು ನೋಡಿದರು, ಅಟ್ಟದ ತುಂಬಾ ಜೋಡಿಸಿದ ಪಾತ್ರೆಗಳನ್ನು ನೋಡಿದರು. “ಏನಮ್ಮಾ, ನಿಮ್ಮ ಅಡವೀಲಿ ಬರೀ ಚೊಂಬೇ ಬೆಳೆದಿದೆಯಲ್ಲ!” ಅಂದರು. ‘ವು’ ‘ವಿ’ ಆದ ಕಥೆ ಹೇಳಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕಾನೂನು ಹೇಳಿದರು, ನಗುವ ಸರದಿ ಅಲ್ಲಿಗೆ ಮುಗಿಯಿತು. ಸರಿಯಾದ ಲೈಸೆನ್ಸು ಇಲ್ಲದೆ ಅಡವಿನ ಪಾತ್ರೆ ಇಟ್ಟುಕೊಳ್ಳುವಂತಿಲ್ಲ. ಹೊಸ ಅರ್ಜಿ ಕೊಡಬೇಕು. ಅದು ಮಂಜೂರಾಗುವವರೆಗೆ ಇರುವುದನ್ನೆಲ್ಲ ಹಿಂದಕ್ಕೆ ಕೊಡಬೇಕು. ಮೂವತ್ತನೆಯ ತಾರೀಖಿನ ಒಳಗೆ ಯಾರೂ ಬಂದು ಒಯ್ಯದ್ದು ಹರಾಜಿಗೆ. ಪಾತ್ರೆಗಳೆಲ್ಲ ಹೋದ ಮೇಲೆ ಅಂಗಡಿ ಎಲ್ಲಿರುತ್ತದೆ, ಅಂಗಡಿಯೇ ಇಲ್ಲದ ಮೇಲೆ ಲೈಸೆನ್ಸು ಯಾವುದಕ್ಕೆ ಎಂದು ಕೇಳಿದೆ. “ಅದು ನಂಗೂ ಅರ್ಥ ಆಗಿಲ್ಲ ತಾಯಿ, ರೂಲು ಹಾಗಿದೆ” ಅಂದರು ಪಾಪ.

ಜನ ಪಾತ್ರೆ ಒಯ್ಯಲು ಒಪ್ಪಿದರೆ ತಾನೇ? ಬಿನ್ನಿಪೇಟೆಯ ಮುನಿಯಕ್ಕ ತನ್ನ ತಾಮ್ರದ ಹಂಡೆಯನ್ನು ಮುಟ್ಟಲೂ ಇಲ್ಲ. “ಮನೇಲಿದ್ರೆ ನನ್ ಗಂಡ ಕುಡ್ದು ಕಳೀತಾನೆ. ನಿಮ್ಮತ್ರ ಇದ್ರೇನೇ ಅದು ನಂದು. ಲೈಸನ್ಸಿಲ್ಲ ಅಂತ ಹಂಡೇನ ಜೈಲಿಗಾಕ್ತಾರಾ?” ಎಂದು ನನ್ನನ್ನೇ ದಬಾಯಿಸಿ ಹೋದಳು. ನಾನು ಅವಳ ಮಾತು ಕೇಳಲೋ, ಇನ್ಸ್‌ಪೆಕ್ಟರ ಮಾತು ಕೇಳಲೋ? ನಿಮ್ಮಪ್ಪನವರಾದರೆ ಮೀಸೆ ತಿರುವಿ ಏನಾದರೂ ಅಂದುಬಿಡುತ್ತಿದ್ದರು.

ಇನ್ಸ್‌ಪೆಕ್ಟರು ಇಡೀ ಮಧ್ಯಾಹ್ನ ಕೂತು ಅಟ್ಟದ ಮೇಲಿನದನ್ನೂ ಮೂಲೆಯದನ್ನೂ ಇಳಿಸಿ, ಚೀಟಿ ಓದಿ ಓದಿ ಪಟ್ಟಿ ಮಾಡಿದರು. ಒಟ್ಟು ಅರವತ್ತನಾಲ್ಕು. ಚೀಟಿ ಇಲ್ಲದ ಒಂದು ಸೌಟು ಕೂಡ ಇರಲಿಲ್ಲ, ನಿಮ್ಮಪ್ಪನವರ ಅಚ್ಚುಕಟ್ಟು ನಿನಗೆ ಗೊತ್ತಲ್ಲ. ಹೊಸ ಅರ್ಜಿಯನ್ನು ಬರೆದಿಟ್ಟಿದ್ದೇನೆ, ಈ ಸಲ ‘ಅಡವು’ ಎಂದೇ ಬರೆದಿದ್ದೇನೆ. ಆದರೂ ನೀನು ಒಮ್ಮೆ ಕಣ್ಣಾಡಿಸದೆ ಕೊಡಲು ಧೈರ್ಯ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯ ಟೀಚರ್ ಗೋದಾಗೆ ನಾನು ಕೇಳಿದೆನೆಂದು ಹೇಳು. ಶಿವ ನಿನ್ನ ಬೆನ್ನಿಗಿರಲಿ.

ಇಂತು ನಿನ್ನ ಅವ್ವ,
ಗಿರಿಜಾಂಬಾ

ಮತ್ತೆ: ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ, ಕೈ ಓಡಲಿಲ್ಲ. ಪಟ್ಟಿಯಲ್ಲಿ ಅರವತ್ತನಾಲ್ಕನೆಯದು ಪಾತ್ರೆಯಲ್ಲ. ಅಟ್ಟದ ಹಿಂಬದಿ, ಗೋಣಿ ಸುತ್ತಿ ಇಟ್ಟಿದ್ದ ನಿನ್ನ ಹೊಲಿಗೆ ಮಿಷನ್ನು. ಅವರು ಮಾರಿರಲಿಲ್ಲ ಶೈಲೂ. ನನ್ನಾಣೆ, ನನಗೂ ಗೊತ್ತಿರಲಿಲ್ಲ. ಹಿಡಿಗೆ ಚೀಟಿ ಕಟ್ಟಿದ್ದಾರೆ, ಅವರದೇ ಕೈಬರಹ: “ಅಡವಿಟ್ಟವರು ಶೈಲಜಾ. ಬಡ್ಡಿ ಇಲ್ಲ. ಅವಧಿ ಇಲ್ಲ.” ಇನ್ಸ್‌ಪೆಕ್ಟರು ಗಟ್ಟಿಯಾಗಿ ಓದಿ ಪಟ್ಟಿಗೆ ಬರೆದುಕೊಂಡರು. ಆಮೇಲೆ, ಮೂವತ್ತರ ಒಳಗೆ ವಸ್ತುವಿನವರು ಬಂದು ಬಿಡಿಸಿಕೊಳ್ಳಬೇಕು ಅಂದರು. ಅವರ ಬದಲು ಅವರ ತಾಯಿ ಬಿಡಿಸಿಕೊಂಡರೆ ಆಗುತ್ತದೆಯೇ ಎಂದು ಕೇಳಬಹುದಿತ್ತು. ಅದೊಂದನ್ನು ನಾನು ಕೇಳಲಿಲ್ಲ.